ಅವಳಿಗೆ ಬಿಟ್ಟ ಜಾಗ

ನನ್ನ ತಮ್ಮನೂ ಅವನ ಹೆಂಡತಿಯೂ ಸೇರಿ ಒಂದೇ ಹೆಸರಿನಲ್ಲಿ ಪ್ರೇಮಕಾದಂಬರಿಗಳನ್ನು ಬರೆಯುತ್ತಿದ್ದರು. ಆ ಹೆಸರಿನ ಹಿಂದೆ ಇಬ್ಬರಿದ್ದಾರೆಂಬುದು ಓದುಗರಿಗೆ ಗೊತ್ತಿರಲಿಲ್ಲ. ಬದುಕಿನಲ್ಲಿ ಬಹಳ ಕಂಡ ಯಾರೋ ವಯಸ್ಸಾದ ಹೆಂಗಸು ಬರೆಯುತ್ತಿರಬೇಕೆಂದು ಜನರ ಊಹೆ. ಕೆಲವರಂತೂ ಅದು ನಾನೇ ಎಂದುಕೊಂಡಿದ್ದರು. ನಾನೋ ಮದುವೆಯ ಗೋಜಿಗೇ ಹೋಗದವಳು, ಬಾಯಿ ಬಿಟ್ಟರೆ ಬೈಗುಳ. ನನ್ನ ಕೈಯಲ್ಲಿ ಪ್ರೇಮ ಬರೆಸಿದ್ದರೆ ಎರಡನೇ ಪುಟದಲ್ಲೇ ನಾಯಕನಿಗೆ ಕಪಾಳಮೋಕ್ಷವಾಗುತ್ತಿತ್ತು. ನನ್ನ ಕೆಲಸ ಕರಡು ತಿದ್ದುವುದು, ಅಚ್ಚು ಹಾಕಿಸುವುದು, ಪುಸ್ತಕದಂಗಡಿಗಳಿಗೆ ಕಳಿಸುವುದು. ಅಪ್ಪ ನಡೆಸುತ್ತಿದ್ದ ಮುದ್ರಣಾಲಯ ಅದು. ಕೆಳಗೆ ಯಂತ್ರ, ಕಾಗದದ ರಾಶಿ, ಅಂಟಿನ ವಾಸನೆ. ಮೇಲೆ ತಮ್ಮನ ಮನೆ. ಹಿಂಭಾಗದ ಎರಡು ಕೋಣೆಗಳಲ್ಲಿ ನಾನು.

ಮೊದಲ ಕಾದಂಬರಿಯನ್ನು ತಮ್ಮ ಒಬ್ಬನೇ ಬರೆಯಲು ಹೊರಟಿದ್ದ. ಅದರಲ್ಲಿ ನಾಯಕ ಬಂದು ಪ್ರೀತಿಸುತ್ತೇನೆ ಎಂದ ಕೂಡಲೇ ನಾಯಕಿ ಗೋಡೆಗೆ ಒರಗಿ ಬಿಕ್ಕಿಬಿಕ್ಕಿ ಅಳುತ್ತಾಳೆ. ಆಗಷ್ಟೇ ಮದುವೆಯಾಗಿ ಬಂದಿದ್ದ ಹೆಂಡತಿ ಅದನ್ನು ಓದಿ, "ಇವಳು ಅಳಲ್ಲ" ಅಂದಳು.

"ಅಳ್ತಾಳೆ. ನಾನು ಬರೆದಿದ್ದೀನಲ್ಲ."

"ನೀನು ಬರೆದುಬಿಟ್ಟರೆ ಆಯ್ತಾ? ಅವಳಿಗೆ ಅಳು ಬರಬೇಡ್ವಾ?"

ಈ ಅಳುವ ವಿಚಾರಕ್ಕೆ ಇಬ್ಬರೂ ಮುಖ ಊದಿಸಿಕೊಂಡು, ನನ್ನ ಮೂಲಕ ಮಾತಾಡತೊಡಗಿದರು. ಉಪ್ಪು ಎಲ್ಲಿದೆ ಎಂದು ಕೇಳುವುದಕ್ಕೂ ನಾನೇ ಬೇಕು. ನನಗೆ ತಲೆಕೆಟ್ಟು ಹೋಯಿತು. ಮೆಟ್ಟಿಲ ಕೆಳಗೆ ನಿಂತು ಕೂಗಿದೆ: "ಗಂಡಸನ್ನ ನೀನು ಬರಿ, ಹೆಂಗಸನ್ನ ಅವಳು ಬರೀಲಿ! ಒಬ್ಬರ ಪಾತ್ರಕ್ಕೆ ಇನ್ನೊಬ್ಬರು ಕೈ ಹಾಕಿದ್ರೆ ಇಬ್ಬರ ಕೈಯನ್ನೂ ಕಾಗದ ಕತ್ತರಿಸೋ ಮಷೀನಿಗೆ ಕೊಡ್ತೀನಿ!"

ಸಿಟ್ಟಿನಲ್ಲಿ ಆಡಿದ ಮಾತು ಅದು. ಅವರು ಅದನ್ನೇ ನಿಯಮ ಮಾಡಿಕೊಂಡರು. ಅವನು ತನ್ನ ನಾಯಕ ಏನು ಮಾಡಿದ, ಏನು ಕೇಳಿದ ಎಂದಷ್ಟೇ ಬರೆಯುವುದು. ನಾಯಕಿ ಉತ್ತರ ಕೊಡಬೇಕಾದಲ್ಲಿ ನಾಲ್ಕು ಸಾಲಿನಷ್ಟೋ ಅರ್ಧ ಪುಟದಷ್ಟೋ ಜಾಗ ಬಿಟ್ಟು ಹಾಳೆಯನ್ನು ಊಟದ ಮೇಜಿನ ಮೇಲೆ ಇಡುವುದು. ಅವಳು ತನಗೆ ಬೇಕಾದಾಗ ಬಂದು ಆ ಜಾಗ ತುಂಬುವುದು. ತನ್ನ ನಾಯಕಿಯ ಅಧ್ಯಾಯ ಬಂದಾಗ ಅವಳೂ ಅವನಿಗೆ ಹಾಗೆಯೇ ಜಾಗ ಬಿಡುವುದು. ಮುಂದೇನು ಎಂದು ಮೊದಲೇ ಮಾತಾಡಿಕೊಳ್ಳುವಂತಿಲ್ಲ. ಒಮ್ಮೆ ಬರೆದದ್ದನ್ನು ವಾಪಸು ಪಡೆಯುವಂತಿಲ್ಲ. ಒಂದು ಪುಸ್ತಕದಲ್ಲಿ ನಾಯಕ ಎರಡು ಪುಟದುದ್ದ ಮನಸ್ಸು ಬಿಚ್ಚಿಟ್ಟರೆ ನಾಯಕಿ, "ಬಸ್ ಬಂತು, ನಾಳೆ ಹೇಳು" ಎಂದು ಹತ್ತಿಹೋಗಿಬಿಟ್ಟಳು. ತಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಮೊಂಡಿ, ಮೊಂಡಿ" ಎಂದು ಹೆಂಡತಿಯನ್ನು ಬೈದ. ಅಂದಿನಿಂದ ಅವಳ ಹೆಸರೇ ಮೊಂಡಿ ಎಂದಾಯಿತು. ನಾನೂ ಹಾಗೆಯೇ ಕರೆಯುತ್ತಿದ್ದೆ. ಆ ಪುಸ್ತಕವೇ ಎಲ್ಲಕ್ಕಿಂತ ಹೆಚ್ಚು ಖರ್ಚಾಯಿತು.

ನಾನು ಅವಳನ್ನು ತಮ್ಮನ ಹೆಂಡತಿ ಎಂದು ಎಂದೂ ನೋಡಲಿಲ್ಲ. ಈ ಮನೆಯಲ್ಲಿ ನನ್ನ ಬೈಗುಳಕ್ಕೆ ನಗುತ್ತಿದ್ದವಳು ಅವಳೊಬ್ಬಳೇ. ಕೆಲಸ ಮುಗಿದ ಮೇಲೆ ಇಬ್ಬರೂ ಕಾಗದದ ಕಟ್ಟುಗಳ ಮೇಲೆ ಕಾಲು ಇಳಿಬಿಟ್ಟು ಕೂತು ಚಹಾ ಕುಡಿಯುತ್ತಾ ತಮ್ಮನನ್ನು ಆಡಿಕೊಳ್ಳುತ್ತಿದ್ದೆವು. ಅವಳು ಮನೆ ಬಿಟ್ಟು ಹೋದಾಗ ಎಲ್ಲರೂ ಅವನ ಬಗ್ಗೆ ಮರುಗಿದರು. ನನಗೇನಾಯಿತೆಂದು ಯಾರೂ ಕೇಳಲಿಲ್ಲ.

ಅವಳು ಹೋದದ್ದು ಕಾಲಪ್ರಯಾಣದ ಕಾದಂಬರಿಯೊಂದು ಅರ್ಧವಾಗಿದ್ದಾಗ. ಅದರ ನಾಯಕ ಲಿಫ್ಟ್ ರಿಪೇರಿ ಮಾಡುವವನು. ಒಂದು ಹಳೆಯ ಕಟ್ಟಡದ ಲಿಫ್ಟಿನಲ್ಲಿ ನೆಲಮಾಳಿಗೆಯ ಬಟನ್ನಿಗಿಂತ ಕೆಳಗೆ ಇನ್ನೊಂದು ಬಟನ್ನು ಅವನಿಗೆ ಸಿಗುತ್ತದೆ. ಅದನ್ನು ಒತ್ತಿದರೆ ಲಿಫ್ಟು ಅವನು ಮನಸ್ಸಿನಲ್ಲಿ ನೆನೆದ ದಿನಕ್ಕೆ ಇಳಿಯುತ್ತದೆ. ಇಳಿದಲ್ಲಿ ಅವನು ಆ ದಿನದ ಅವನೇ, ನೆನಪು ಮಾತ್ರ ಪೂರ್ತಿ. ಒಂದೇ ಕತೆಯಲ್ಲಿ ಇಬ್ಬಿಬ್ಬರು ಅವನು ಓಡಾಡುವ ಗೊಂದಲ ಬೇಡವೇ ಬೇಡವೆಂದು ನಾನು ಹಟ ಹಿಡಿದಿದ್ದೆ. ಅವನ ಹೆಂಡತಿಯಾದ ನಾಯಕಿಗೆ ಇಂಥ ಯಾವ ನೆನಪೂ ಇರುವುದಿಲ್ಲ. ಅವಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಆ ಕೆಲಸ ಹೇಗಿರುತ್ತದೆಂದು ತಿಳಿಯಲು ಮೊಂಡಿ ಒಂದು ಅಂಗಡಿಗೆ ಹೋಗಿ ಕೂರುತ್ತಿದ್ದಳು. ಆಮೇಲೆ ಅಲ್ಲೇ ಕೆಲಸ ಕಲಿಯತೊಡಗಿದಳು. ಪುಸ್ತಕಕ್ಕಾಗಿ ಎಂದೇ ನಾವು ತಿಳಿದಿದ್ದೆವು.

ಒಂದು ಮಧ್ಯಾಹ್ನ ಅವಳು ತಮ್ಮನ ಕೋಣೆಯ ಬಾಗಿಲಲ್ಲಿ ನಿಂತು, "ಸ್ವಲ್ಪ ಮಾತಾಡಬೇಕಿತ್ತು" ಅಂದಳಂತೆ. ಅವನು ತಲೆ ಎತ್ತದೆ, "ಈ ಪುಟ ಮುಗಿಸ್ತೀನಿ ಇರು" ಅಂದನಂತೆ. ಪುಟ ಮುಗಿಸಿ ಹೊರಗೆ ಬಂದಾಗ ಚೀಲ ಸಿದ್ಧವಾಗಿತ್ತು. ನಾನು ಹೋಗ್ತಿದ್ದೀನಿ, ವಾಪಸು ಬರಲ್ಲ, ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಇಷ್ಟೇ ಮಾತು. ಜಗಳವಿಲ್ಲ, ಕಣ್ಣೀರಿಲ್ಲ. ಕೆಳಗೆ ಬಂದು ನನ್ನ ಕೈ ಹಿಡಿದು, "ಬರ್ತೀನಿ ಅತ್ತಿಗೆ" ಅಂದಳು. ಯಂತ್ರದ ಗದ್ದಲದಲ್ಲಿ ಅಂಗಡಿಗೆ ಹೊರಟಳೆಂದುಕೊಂಡು, "ಬರ್ತಾ ಪಿನ್ನು ತಗೊಂಬಾ" ಅಂದೆ.

ಆಮೇಲೆ ತಮ್ಮ ಹಿಡಿದ ಜಪ ಒಂದೇ. "ಆ ಪುಟ ಅಕ್ಕಾ. ಆ ಪುಟ ಬಿಟ್ಟು ಎದ್ದಿದ್ರೆ ಅವಳು ಹೋಗ್ತಿರಲಿಲ್ಲ." ಬೆಳಿಗ್ಗೆ ಹಲ್ಲುಜ್ಜುವಾಗಲೂ ಅದೇ, ತಟ್ಟೆಯ ಮುಂದೆ ಕೂತಾಗಲೂ ಅದೇ. ನಾಯಕ ಲಿಫ್ಟಿನ ಮುಂದೆ ನಿಂತಲ್ಲೇ ನಿಂತ. ಕೊನೆಗೆ ನಾನೇ ಮೊಂಡಿಯ ಬಳಿಗೆ ಹೋದೆ. ಪುಸ್ತಕ ಮುಗಿಸಿಕೊಡು ಎಂದು ಕೇಳಿದೆ. ಪುಸ್ತಕ ಒಂದು ನೆಪ. ಹಾಳೆಗಳು ಓಡಾಡುತ್ತಿದ್ದರೆ ಮನುಷ್ಯರೂ ಓಡಾಡಿಯಾರು ಎಂಬ ಆಸೆ ನನಗೆ.

ಹೊಲಿಗೆಯಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅವಳಿದ್ದಳು. ಒಂದು ಮಂಚ, ಒಂದು ಕುರ್ಚಿ, ಕಿಟಕಿಯಲ್ಲಿ ಒಣಗುತ್ತಿದ್ದ ಬಟ್ಟೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾನು ಮಂಚದ ಮೇಲೆ ಕೂತಳು.

"ಬರೀತೀನಿ ಅತ್ತಿಗೆ. ಆದ್ರೆ ಅವಳು ಹೇಗಿದ್ದಾಳೋ ಹಾಗೇ ಬರೀತೀನಿ. ಆಮೇಲೆ ನನ್ನನ್ನ ಬೈಬೇಡಿ."

"ಬೈಯದೇ ಇರೋಕೆ ನನಗೇನು ಬಾಯಿ ಹೋಗಿದ್ಯಾ? ಬರಿ."

ಅವಳ ಅಧ್ಯಾಯ ಬಂತು. ಒಂದು ಮಧ್ಯಾಹ್ನ ನಾಯಕಿ ಚೀಲ ತೆಗೆದುಕೊಂಡು ಗಂಡನ ಮನೆಯಿಂದ ಹೊರಡುತ್ತಾಳೆ. ಕಾರಣ ಬರೆದಿರಲಿಲ್ಲ. ಓದಿ ತಮ್ಮ ಕುಸಿದುಹೋಗುತ್ತಾನೆಂದು ನಾನು ಹತ್ತಿರವೇ ನಿಂತಿದ್ದೆ. ಅವನು ಬಹಳ ಹೊತ್ತು ಹಾಳೆ ನೋಡಿದ. ಆಮೇಲೆ ತಲೆಯೆತ್ತಿದಾಗ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಕಳೆ ಇತ್ತು.

"ಅಕ್ಕಾ, ಇವನ ಹತ್ತಿರ ಲಿಫ್ಟ್ ಇದೆ."

ಪೆನ್ನು ಎಳೆದುಕೊಂಡು ಅಲ್ಲೇ ಬರೆಯಲು ಕೂತ.

ನಾಯಕ ಆ ಮಧ್ಯಾಹ್ನಕ್ಕೇ ಇಳಿದ. ಹೆಂಡತಿ ಬಾಗಿಲಲ್ಲಿ ನಿಂತು ಮಾತಾಡಬೇಕು ಅಂದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಸಾಡಿ ಎದ್ದ, ಅವಳ ಪಕ್ಕ ಕೂತ, ಹೇಳು ಅಂದ. ಕೆಳಗೆ ಅರ್ಧ ಪುಟ ಜಾಗ. ಆ ಹಾಳೆಯನ್ನು ನಾನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ವಾಪಸು ಬಂದಾಗ ಜಾಗ ತುಂಬಿತ್ತು. ನಾಯಕಿಗೆ ಅವನು ಎದ್ದು ಬಂದದ್ದು ಬಹಳ ಹಿಡಿಸಿತು. ಇಬ್ಬರೂ ಕತ್ತಲಾಗುವ ತನಕ ಮಾತಾಡಿದರು, ನಕ್ಕರು. ಮರುದಿನ ಅವಳು ಚೀಲ ತೆಗೆದುಕೊಂಡು ಹೊರಟಳು.

ತಮ್ಮ, "ತಡವಾಗಿ ಇಳಿದೆ" ಅಂದ. ನಾಯಕನನ್ನು ಇನ್ನೂ ಹಿಂದಕ್ಕೆ ಕಳಿಸಿದ. ಈ ಸಲ ಅವನು ಕೆಲಸಕ್ಕೆ ರಜೆ ಹಾಕಿ ಹೆಂಡತಿಯನ್ನು ಸಮುದ್ರ ತೋರಿಸಲು ಕರೆದೊಯ್ದ. ನಾಯಕಿ ನೀರಿಗೆ ಇಳಿದು ಕುಣಿದಳು, ವಾಪಸು ಬರುವಾಗ ರೈಲಿನಲ್ಲಿ ಅವನ ಭುಜದ ಮೇಲೆ ನಿದ್ದೆ ಹೋದಳು. ಎರಡು ವಾರ ಬಿಟ್ಟು ಹೊರಟಳು. ಮತ್ತೆ ಹಿಂದಕ್ಕೆ ಕಳಿಸಿದ. ನಾಯಕನಿಗೆ ಅಡುಗೆ ಕಲಿಸಿದ, ಅವನ ಕೈಲಿ ಬಟ್ಟೆ ಒಗೆಸಿದ, ಹೆಂಡತಿಯ ಅಮ್ಮನಿಗೆ ಔಷಧಿ ತಂದುಕೊಡಿಸಿದ. ನನ್ನ ತಮ್ಮನಿಗೆ ಒಲೆ ಹಚ್ಚಲು ಬರುವುದಿಲ್ಲ, ಅವನ ನಾಯಕ ಮಾತ್ರ ಮೂರು ಹೊತ್ತು ಬಿಸಿ ಅಡುಗೆ ಬಡಿಸುತ್ತಿದ್ದ. ನಾಯಕಿ ಚಪ್ಪರಿಸಿಕೊಂಡು ತಿಂದು, ನಿನ್ನಂಥ ಒಳ್ಳೆಯವನು ನನಗೆ ಸಿಕ್ಕಿದ್ದು ದೊಡ್ಡದು ಅಂದು, ಹೊರಟಳು.

ನನಗೆ ರೇಗಿಹೋಯಿತು. ಕನ್ನಡಕದಂಗಡಿಗೇ ನುಗ್ಗಿದೆ. ಮೊಂಡಿ ಮುದುಕರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುತ್ತಾ, "ಮೊದಲಿಂದು ಚೆನ್ನಾಗಿ ಕಾಣ್ತಿತ್ತಾ, ಇದಾ?" ಎಂದು ಕೇಳುತ್ತಿದ್ದಳು. ಅವರು, "ಎರಡೂ ಒಂದೇ ಥರ ಕಣಮ್ಮ" ಅಂದರು. ಅವಳು ಅವಸರ ಮಾಡದೆ ಮತ್ತೆ ಕೇಳಿದಳು. ಅವರು ಹೊರಗೆ ಹೋಗುವ ತನಕ ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

"ಏನೇ ಅಂದ್ಕೊಂಡಿದ್ದೀಯಾ? ಅವನು ಅಷ್ಟು ಸಲ ಇಳಿದು ಬರ್ತಾನೆ, ಬೆವರು ಸುರಿಸ್ತಾನೆ. ನಿನ್ನ ಹುಡುಗಿಗೆ ಕರುಳಿಲ್ವಾ? ಯಾಕೆ ಗೋಳು ಹುಯ್ಕೊಳ್ತೀಯಾ ಅವನನ್ನ?"

ಅವಳು ಗಾಜುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿಟ್ಟಳು. "ನಾನು ಗೋಳು ಹುಯ್ಕೊಳ್ತಿಲ್ಲ ಅತ್ತಿಗೆ. ನೀವು ಹಾಳೆ ತಂದುಕೊಟ್ಟಾಗೆಲ್ಲ ನಾನು ಕೂತು ಅವಳನ್ನ ಕೇಳ್ತೀನಿ. ನಿಜವಾಗ್ಲೂ ಕೇಳ್ತೀನಿ. ಈ ಸಲ ಇರ್ತೀಯೇನೇ, ನೋಡು, ಎಷ್ಟು ಪ್ರೀತಿಯಿಂದ ಬಂದಿದ್ದಾನೆ ಅಂತ. ಅವಳು ಹೂಂ ಅಂದ್ರೆ ಅವತ್ತೇ ಗಂಟುಮೂಟೆ ಕಟ್ಕೊಂಡು ನಾನೂ ಬಂದುಬಿಡ್ತೀನಿ ಅಂತ ಕಾಯ್ತೀನಿ." ಅವಳ ದನಿ ಒಡೆಯಿತು. "ಅವಳು ಹೂಂ ಅನ್ನಲ್ಲ."

ಅವಳೂ ಕಾಯುತ್ತಿದ್ದಾಳೆಂದು ನಾನು ನೆನೆಸಿರಲೇ ಇಲ್ಲ. ಸುಮ್ಮನಿರಲಾರದೆ ನನಗೆ ತೋಚಿದ್ದನ್ನು ಹೇಳಿದೆ: "ಪುಸ್ತಕದಲ್ಲಿ ನಿನಗೆ ಜಾಗ ಬಿಡ್ತಿದ್ದ. ಮನೇಲಿ ಬಿಡಲಿಲ್ಲ. ಅದೇ ಅಲ್ವಾ?"

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಮಾತು ಬಹಳ ಚೆನ್ನಾಗಿದೆ ಅತ್ತಿಗೆ. ಯಾವುದಾದ್ರೂ ಪುಸ್ತಕದ ಬೆನ್ನಿಗೆ ಹಾಕ್ಕೊಳ್ಳಿ. ಆದ್ರೆ ಅದಲ್ಲ. ಮನೇಲೂ ನನಗೆ ಬೇಕಾದಷ್ಟು ಜಾಗ ಇತ್ತು."

ಅದಾದ ಮೇಲೆ ತಮ್ಮನಿಂದ ಹಾಳೆ ಬರುವುದು ನಿಂತಿತು. ಮೇಲಿನ ಕೋಣೆಯ ಬಾಗಿಲು ಹಾಕಿಕೊಂಡೇ ಇರುತ್ತಿತ್ತು. ತಟ್ಟೆ ಇಟ್ಟು ಬಂದರೆ ಅರ್ಧ ಹಾಗೆಯೇ ವಾಪಸು. ಒಂದು ಬೆಳಿಗ್ಗೆ ಕೆಳಗೆ ಇಳಿದು ಬಂದ, ಗಡ್ಡ ಬೋಳಿಸಿಕೊಂಡಿದ್ದ. ನನ್ನ ಮೇಜಿನ ಮೇಲೆ ಒಂದು ಕಟ್ಟು ಇಟ್ಟು, "ಮುಗೀತು ಅಕ್ಕಾ. ಅಚ್ಚಿಗೆ ಕೊಡು" ಅಂದ. ನನ್ನ ಕಣ್ಣಿಗೆ ಕಣ್ಣು ಕೊಟ್ಟು ನೋಡಲಿಲ್ಲ.

ಮೊದಲ ಹಾಳೆ ತಿರುಗಿಸಿದಾಗಲೇ ನನಗೆ ಏನೋ ಸರಿಯಿಲ್ಲವೆನಿಸಿತು. ಎರಡನೆಯದು, ಮೂರನೆಯದು ತಿರುಗಿಸಿದೆ. ಎಲ್ಲೂ ಜಾಗವಿಲ್ಲ. ಅಂಚಿನಿಂದ ಅಂಚಿಗೆ ಅವನದೇ ಕೈಬರಹ. ಬಸ್ಸಿಗೆ ಕಾಯುತ್ತಾ ನಿಂತ ನಾಯಕಿ ಚೀಲ ಕೆಳಗಿಡುತ್ತಾಳೆ. ಬಸ್ಸು ಬರುತ್ತದೆ, ಹತ್ತುವುದಿಲ್ಲ. ತಿರುಗಿ ಮನೆಗೆ ನಡೆಯುತ್ತಾಳೆ, ಬಾಗಿಲು ತಟ್ಟುತ್ತಾಳೆ. ಎಲ್ಲಿಗೆ ಹೋದರೂ ನಿನ್ನ ದನಿಯೇ ಕೇಳುತ್ತಿತ್ತು ಅನ್ನುತ್ತಾಳೆ. ಗೋಡೆಗೆ ಒರಗಿ ಬಿಕ್ಕಿಬಿಕ್ಕಿ ಅಳುತ್ತಾಳೆ.

ಅವನು ಅವಳ ಪಾತ್ರಕ್ಕೆ ಕೈ ಹಾಕಿದ್ದ.

ಹಾಳಾದವನು ಅದನ್ನು ಎಷ್ಟು ಚೆನ್ನಾಗಿ ಬರೆದಿದ್ದನೆಂದರೆ ನನಗೇ ಅಳು ಬಂತು. ಹಾಗೆಯೇ ಅಚ್ಚಿಗೆ ಕೊಟ್ಟರೆ ಕೇಳುವವರು ಯಾರು? ಓದುಗರು ತಲೆ ಮೇಲೆ ಹೊತ್ತು ಕುಣಿಯುತ್ತಿದ್ದರು. ತಮ್ಮನೂ ಪುಸ್ತಕದಲ್ಲಾದರೂ ಅವಳು ವಾಪಸು ಬಂದಳೆಂದು ಎರಡು ತುತ್ತು ಹೆಚ್ಚು ತಿನ್ನುತ್ತಿದ್ದ. ಆದರೆ ಆ ಹೆಂಗಸಿನ ಮಾತು ಓದುತ್ತಾ ಹೋದಂತೆ ನನಗೆ ಮೊಂಡಿಯ ದನಿ ಎಲ್ಲೂ ಕೇಳಿಸಲಿಲ್ಲ. ತಮ್ಮ ಹೆಣ್ಣುದನಿ ಮಾಡಿಕೊಂಡು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಿರುವ ಹಾಗಿತ್ತು. ಅದನ್ನು ತಾಳಲಾರದೆ ಕಟ್ಟು ಎತ್ತಿಕೊಂಡು ಅವಳ ಬಳಿಗೆ ಹೋದೆ.

ಗಿರಾಕಿಗಳಿಲ್ಲದ ಹೊತ್ತು. ಅವಳು ಕಣ್ಣು ಪರೀಕ್ಷೆಯ ಕುರ್ಚಿಯಲ್ಲೇ ಕೂತು ಓದಿದಳು. ಒಂದೆರಡು ಕಡೆ ತುಟಿ ಬಿಗಿಹಿಡಿದಳು, ಒಂದು ಕಡೆ ನಕ್ಕಳು. ಮುಗಿಸಿ ಹಾಳೆಗಳನ್ನು ಜೋಡಿಸಿ ಮಡಿಲಲ್ಲಿಟ್ಟುಕೊಂಡಳು.

"ನನ್ನ ನಗು ಕೊಟ್ಟಿದ್ದಾನೆ. ನಾನು ಕೂದಲು ಹಿಂದಕ್ಕೆ ತಳ್ಳೋದೂ ಕೊಟ್ಟಿದ್ದಾನೆ. ಆದ್ರೆ ಬಾಗಿಲ ತನಕ ಅವಳು ಬಂದಿಲ್ಲ ಅತ್ತಿಗೆ. ಇವನೇ ರಟ್ಟೆ ಹಿಡಿದು ಎಳ್ಕೊಂಡು ಬಂದಿದ್ದಾನೆ." ಕಟ್ಟು ಎತ್ತಿಕೊಂಡು ಎದ್ದು, "ಇದು ನಿಮ್ಮ ಕೈಲಿ ಹೇಳಿ ಕಳಿಸೋ ಮಾತಲ್ಲ. ನಾನೇ ಬರ್ತೀನಿ" ಅಂದಳು.

ಆ ಮಧ್ಯಾಹ್ನ ಅವಳು ನನ್ನ ಜೊತೆ ಬಂದಳು. ಯಂತ್ರದವರು ಊಟಕ್ಕೆ ಹೋಗಿದ್ದರಿಂದ ಮುದ್ರಣಾಲಯ ನಿಶ್ಶಬ್ದವಾಗಿತ್ತು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿದ್ದೇ ತಮ್ಮ ಬಾಗಿಲು ತೆರೆದು ನಿಂತ. ಕೂದಲನ್ನು ಕೈಯಲ್ಲೇ ಸರಿಮಾಡಿಕೊಂಡ. ಅವಳು ಯಾಕೆ ಬಂದಳೆಂದು ಅವನು ಕ್ಷಣಹೊತ್ತು ತಪ್ಪು ತಿಳಿದ. ಆ ಕ್ಷಣದ ಅವನ ಮುಖವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಆಮೇಲೆ ಅವಳ ಕೈಯಲ್ಲಿದ್ದ ಕಟ್ಟು ಕಂಡ.

ನಾನು ಇಳಿದು ಹೋಗಬೇಕಿತ್ತು. ಹೋಗಲಿಲ್ಲ. ಹೋಗು ಎಂದು ಅವರಿಬ್ಬರೂ ಅನ್ನಲಿಲ್ಲ.

"ಸಿಟ್ಟು ಬಂತಾ?" ಅಂದ ತಮ್ಮ.

"ಇಲ್ಲ. ಬೇಜಾರಾಯ್ತು."

"ನಾನು ಬೇರೆ ಏನು ಮಾಡಲಿ ಹೇಳು? ಎಲ್ಲ ಕಡೆ ಇಳಿದು ನೋಡಿದೆ. ಯಾವ ದಿನ ಅಂತ ನೀನೇ ಹೇಳಿಬಿಡು. ಯಾವ ದಿನ ನಾನು ಏನು ತಪ್ಪು ಮಾಡಿದೆ ಅಂತ ಒಂದು ಮಾತು ಹೇಳು. ಅಲ್ಲಿಗೆ ಹೋಗ್ತೀನಿ, ಸರಿಮಾಡ್ತೀನಿ."

"ಅಂಥ ದಿನ ಇಲ್ಲ ಕಣೋ."

"ಇಲ್ದೇ ಹೇಗಿರುತ್ತೆ? ಸುಮ್ಮಸುಮ್ಮನೆ ಯಾರಾದ್ರೂ ಹೋಗ್ತಾರಾ?"

ಅವಳು ಕುರ್ಚಿ ಎಳೆದುಕೊಂಡು ಕೂತಳು. ಅವನು ನಿಂತೇ ಇದ್ದ. "ಸುಮ್ಮಸುಮ್ಮನೆ ಹೋಗಲಿಲ್ಲ. ಒಂದು ದಿನ ಎದ್ದಾಗ, ನಾನು ಒಬ್ಬಳೇ ಇರಬೇಕು ಅನ್ನಿಸ್ತು. ಇದೇನಿದು ಹುಚ್ಚು ಅಂದ್ಕೊಂಡೆ. ನಿನ್ನ ಜೊತೆ ಚೆನ್ನಾಗಿದ್ದೆ, ನಗ್ತಾ ಇದ್ದೆ, ಬರೀತಾ ಇದ್ದೆ. ಈ ಆಸೆ ತಾನಾಗಿ ಹೋಗುತ್ತೆ ಅಂತ ಬಹಳ ಕಾಲ ಕಾದೆ. ಹೋಗಲಿಲ್ಲ. ನಿನ್ನ ಮೇಲೆ ಸಿಟ್ಟಾದ್ರೂ ಬರಲಿ, ಹೊರಡೋದು ಸುಲಭ ಆಗುತ್ತೆ ಅಂತ ಕಾದೆ. ಅದೂ ಬರಲಿಲ್ಲ."

"ಆ ಪುಟ ಬಿಟ್ಟು ನಾನು ಎದ್ದಿದ್ರೆ..."

"ಎದ್ದಿದ್ರೂ ಹೋಗ್ತಿದ್ದೆ. ಬರೆದು ತೋರಿಸಿದ್ದೀನಲ್ಲ."

"ಅದು ಕತೆ!"

"ಮತ್ತೆ ನೀನು ಇಷ್ಟು ದಿನ ಅದರಲ್ಲಿ ಏನು ಹುಡುಕ್ತಿದ್ದೆ?"

ತಮ್ಮ ಗೋಡೆ ಕಡೆ ತಿರುಗಿ ನಿಂತ. ಅವಳು ಮೆಲ್ಲಗೆ ಮಾತು ಮುಂದುವರಿಸಿದಳು.

"ನೀನು ಹಿಂದೆ ಹೋಗಿ ಬರೀ ನಿನ್ನನ್ನೇ ತಿದ್ದಿದೆ. ಅಡುಗೆ ಮಾಡಿದೆ, ಸಮುದ್ರ ತೋರಿಸಿದೆ. ನೀನು ಸರಿಹೋದ್ರೆ ನಾನು ಇದ್ದುಬಿಡ್ತೀನಿ ಅನ್ನೋ ಲೆಕ್ಕ. ನೀನು ತಪ್ಪು ಮಾಡಿದ್ದಕ್ಕೇ ನಾನು ಹೋದೆ ಅಂತಾದ್ರೆ, ನಾನು ಹೋಗಿದ್ದೂ ನಿನ್ನ ಕೆಲಸವೇ ಆಗುತ್ತೆ. ಅದು ನನ್ನದು ಕಣೋ. ನನ್ನ ಬದುಕಲ್ಲಿ ನಾನು ಮಾಡಿದ ಎಲ್ಲಕ್ಕಿಂತ ಕಷ್ಟದ ಕೆಲಸ. ಅದೊಂದನ್ನಾದ್ರೂ ನನಗೆ ಬಿಡು."

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ತಮ್ಮ ಅವಳ ಕಡೆಗೆ ತಿರುಗಿದ.

"ಪ್ರೀತಿ ಇತ್ತಾ?"

"ಇತ್ತು. ಈಗಲೂ ಇದೆ. ಇಲ್ದಿದ್ರೆ ಆ ಹಾಳೆಗಳನ್ನ ಯಾಕೆ ತುಂಬ್ತಿದ್ದೆ?"

"ಪ್ರೀತಿ ಇದ್ದೂ ಹೋಗ್ತೀಯಾ?"

"ಪ್ರೀತಿ ಇದ್ದೂ ಹೋದೆ."

ಅವನಿಗೆ ಇದನ್ನು ಹೇಗೆ ಹಿಡಿಯಬೇಕೆಂದು ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಬೈಯಲು ಯಾರಾದರೂ ಕೆಟ್ಟವರು ಸಿಕ್ಕಿದ್ದರೆ ಎಷ್ಟು ಹಾಯಾಗಿರುತ್ತಿತ್ತು! ಮೂವರಲ್ಲಿ ಯಾರೂ ಕೆಟ್ಟವರಲ್ಲ, ಮೂವರ ಮನೆಯೂ ಮುರಿದಿತ್ತು.

ತಮ್ಮ ಅವಳ ಎದುರು ನೆಲದ ಮೇಲೇ ಕೂತ. ಮಗುವಿನ ಹಾಗೆ ಕೇಳಿದ: "ನಿನಗೆ ಆ ಲಿಫ್ಟ್ ಸಿಕ್ಕಿದ್ರೆ? ಒಂದೇ ಒಂದು ಸಲ. ಯಾವ ದಿನಕ್ಕೆ ಇಳೀತೀಯಾ?"

ಮದುವೆಯ ದಿನ ಅನ್ನಲಿ, ಮೊದಲ ಪುಸ್ತಕದ ದಿನ ಅನ್ನಲಿ, ಸುಳ್ಳಾದರೂ ಪರವಾಗಿಲ್ಲ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವಳು ಯೋಚನೆ ಮಾಡಿಯೇ ಉತ್ತರ ಕೊಟ್ಟಳು.

"ಹೊರಟ ದಿನಕ್ಕೇ ಇಳೀತೀನಿ. ಮತ್ತೆ ಹೊರಡ್ತೀನಿ. ಅವತ್ತು ಅತ್ತರೆ ನೀನು ತಡೀತೀಯಾ, ನಾನು ಸೋತುಹೋಗ್ತೀನಿ ಅಂತ ಕಲ್ಲಿನ ಥರ ಮುಖ ಮಾಡ್ಕೊಂಡು ಹೋದೆ. ನನಗೇನೂ ಅನ್ನಿಸಲೇ ಇಲ್ಲ ಅಂತ ನೀನು ಅಂದ್ಕೊಂಡಿರ್ತೀಯಾ. ಈ ಸಲ ಅತ್ತು ಹೋಗ್ತೀನಿ."

ಅಷ್ಟು ಹೇಳಿ ಅತ್ತಳು. ಮುಖ ಮುಚ್ಚಿಕೊಳ್ಳದೆ, ಅವನ ಮುಂದೆಯೇ. ತಮ್ಮ ಅವಳ ಕೈ ಹಿಡಿಯಲು ಹೋಗಿ ತನ್ನ ಕೈ ಹಿಂದಕ್ಕೆಳೆದುಕೊಂಡ. ಅವಳೇ ಅವನ ತಲೆ ಮುಟ್ಟಿದಳು. ಆಮೇಲೆ ಎದ್ದು ಕಟ್ಟನ್ನು ಮೇಜಿನ ಮೇಲಿಟ್ಟು ಹೊರಟಳು.

"ಬಸ್ ತನಕ ಬರಲಾ?" ಎಂದು ಅವನು ಕೇಳಿದ.

"ಬೇಡ" ಅಂದಳು.

ಅವನು ಅಲ್ಲಿಯೇ ಕೂತಿದ್ದ. ನಾನು ಕೇಳದೆಯೇ ಅವಳ ಹಿಂದೆ ಹೋದೆ. ಬೀದಿಯ ತಿರುವಿನಲ್ಲಿ ಅವಳು ನನ್ನನ್ನು ತಬ್ಬಿಕೊಂಡಳು. ನಾನು ಯಾರನ್ನೂ ತಬ್ಬಿಕೊಂಡು ಅಭ್ಯಾಸವಿಲ್ಲದವಳು, ಕೈ ಎಲ್ಲಿಡಬೇಕೆಂದು ತಿಳಿಯದೆ ಅವಳ ಬೆನ್ನಿಗೆ ಗುದ್ದಿದೆ. "ಇನ್ನು ನನ್ನನ್ನ ಅತ್ತಿಗೆ ಅಂತ ಕರೀಬೇಕಾಗಿಲ್ಲ ನೀನು" ಅಂದೆ. ಅವಳು, "ಮತ್ತಿನ್ನೇನು ಅಂತ ಕರೀಲಿ?" ಅಂದಳು. ಬಸ್ಸು ಬಂತು, ಹತ್ತಿಹೋದಳು.

ತಮ್ಮ ಆ ಕಟ್ಟನ್ನು ಹರಿದುಹಾಕಿದ. ಬಹಳ ದಿನ ಏನೂ ಬರೆಯಲಿಲ್ಲ. ನಾನೂ ಕೇಳಲಿಲ್ಲ. ಆಮೇಲೊಂದು ಬೆಳಿಗ್ಗೆ ಕೆಲವೇ ಹಾಳೆಗಳನ್ನು ಹಿಡಿದು ನನ್ನ ಮೇಜಿನ ಎದುರು ಕೂತ. "ಓದ್ತೀನಿ, ಕೇಳು" ಅಂದ.

ನಾಯಕ ಕೊನೆಯ ಸಲ ಇಳಿಯುತ್ತಾನೆ. ಹೆಂಡತಿ ಹೊರಡುವ ದಿನಕ್ಕೇ ಇಳಿಯುತ್ತಾನೆ. ಈ ಸಲ ಏನನ್ನೂ ಬದಲಿಸುವುದಿಲ್ಲ. ಅವಳು ಚೀಲ ಹಿಡಿದು ಹೊರಗೆ ಬಂದಾಗ ಅವನು ಲಿಫ್ಟಿನ ಪಕ್ಕ ನಿಂತಿರುತ್ತಾನೆ. ಬಾಗಿಲು ಸರಿಸಿ ಹಿಡಿಯುತ್ತಾನೆ. ಅವಳು ಒಳಗೆ ಹೋಗುತ್ತಾಳೆ. ಅವನು ಹೊರಗೇ ಉಳಿಯುತ್ತಾನೆ. ಹುಷಾರಾಗಿ ಹೋಗು ಅನ್ನುತ್ತಾನೆ.

ತಮ್ಮ ಅಲ್ಲಿಗೆ ನಿಲ್ಲಿಸಿದ. ನಾನು ಕಾದೆ. ಅವನು ಹಾಳೆ ತಿರುಗಿಸಲಿಲ್ಲ.

"ಇಷ್ಟೇನಾ? ಅವಳು ತಿರುಗಿ ಏನೂ ಹೇಳಲ್ವಾ?"

"ಅದು ನನಗೆ ಹೇಗೆ ಗೊತ್ತಿರುತ್ತೆ ಅಕ್ಕಾ?" ಅಂದ. ಅವಳು ಹೋದಾಗಲೂ ಅಳದಿದ್ದ ನನ್ನ ತಮ್ಮ ನನ್ನ ಮೇಜಿನ ಮೇಲೆ ತಲೆಯಿಟ್ಟು ಅತ್ತ. ನಾನು ಹಾಳೆಗಳು ಒದ್ದೆಯಾಗದ ಹಾಗೆ ಪಕ್ಕಕ್ಕೆ ತೆಗೆದಿಟ್ಟು ಅವನ ಬೆನ್ನಿನ ಮೇಲೆ ಕೈಯಿಟ್ಟೆ.